ಮೇಕೆ ಉಗುಳಿದ ಬೀಜ

ಮೊನ್ನೆ ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತವರ ತೊಡೆಯ ಮೇಲೊಂದು ಮೇಕೆಮರಿಯಿತ್ತು. ಸುತ್ತಲಿನವರೆಲ್ಲ ಮೂಗಿಗೆ ಕರವಸ್ತ್ರ ಹಿಡಿದರು. ನಾನೊಬ್ಬ ಮಾತ್ರ ಮಲ್ಲಿಗೆ ಮೂಸುವವನಂತೆ ಉಸಿರೆಳೆದುಕೊಂಡೆ. ನಗಬೇಡಿ. ನನಗೆ ಅಕ್ಷರ ಕಲಿಸಿದ ವಾಸನೆ ಅದು.

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾನು ಬಿ.ಜಿ. ಕೆರೆ ಹತ್ತಿರದ ಸಸಿಮಡಿಯೊಂದಕ್ಕೆ ಹೊಸದಾಗಿ ಬಂದ ಮೇಲ್ವಿಚಾರಕ. ಕೈಯಲ್ಲಿ ಡಿಪ್ಲೊಮಾ, ಮೈಮೇಲೆ ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎರಡನೆಯದು ಯಾಕೆಂದು ನನಗೂ ಗೊತ್ತಿರಲಿಲ್ಲ. ಮಳೆಗಾಲದೊಳಗೆ ಕರಿಜಾಲಿ ಸಸಿ ಎಬ್ಬಿಸಬೇಕಿತ್ತು. ನೇಗಿಲಿಗೂ ಗಾಡಿಯ ಗಾಲಿಗೂ ಈ ಸೀಮೆಯವರು ನೆಚ್ಚಿದ ಮರ ಅದು. ಬೀಜ ಮಾತ್ರ ಕಲ್ಲು. ಸಾಲುಸಾಲು ಚೀಲಗಳಲ್ಲಿ ಬಿತ್ತಿ ಮೂರು ವಾರ ಕಾದರೂ ಅಲ್ಲೊಂದು ಇಲ್ಲೊಂದು ಮೊಳಕೆ, ಮುದುಕನ ಬಾಯಲ್ಲಿ ಉಳಿದ ಹಲ್ಲಿನ ಹಾಗೆ. ಬಿಸಿನೀರಿನಲ್ಲಿ ನೆನೆಸಿ ನೋಡಿದೆ. ನೀರು ಎಷ್ಟು ಬಿಸಿಯಿತ್ತೆಂದರೆ ಬೀಜ ಬೆಂದು ಗುಗ್ಗರಿಯಾಯಿತು.

ತಪ್ಪು ನನ್ನದಾಗಲು ಸಾಧ್ಯವೇ? ಡಿಪ್ಲೊಮಾ ಇತ್ತಲ್ಲ. ನೀರು ಹಾಕುವ ತಿಪ್ಪಮ್ಮನ ಮೇಲೆ ಹರಿಹಾಯ್ದೆ. ಬೀಜ ಕೊಳೆಯುವಷ್ಟು ನೀರು ಸುರಿಯುತ್ತೀಯೆಂದು ಎಲ್ಲರೆದುರಿಗೆ ಬೈದೆ. ನನ್ನ ತಾಯಿಯ ವಯಸ್ಸಿನ ಹೆಂಗಸು. ಬಿಂದಿಗೆಯನ್ನು ಬೋರಲು ಹಾಕಿ ಹೊರಟುಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ.

ನಾಲ್ಕನೆಯ ದಿನ ನೋಡಿದರೆ ಬೇಲಿಯಂಚಿನ ಒಂದು ಸಾಲು ಪೂರ್ತಿ ಹಸಿರಾಗಿತ್ತು. ಅದು ತಿಪ್ಪಮ್ಮ ತನ್ನ ಮನೆಯಿಂದ ಬೀಜ ತಂದು ಬಿತ್ತಿದ್ದ ಸಾಲು ಎಂದು ಉಳಿದ ಹೆಂಗಸರು ಹೇಳಿದರು. ಮರುದಿನ ಬೆಳಗಾಗುತ್ತಲೇ ಅವಳ ಮನೆ ಹುಡುಕಿಕೊಂಡು ಹೋದೆ. ಮೇಕೆ ಕೂಡುವ ರೊಪ್ಪದೊಳಗೆ ಕಸ ಗುಡಿಸುತ್ತಿದ್ದಳು.

"ತಪ್ಪಾಯ್ತವ್ವ," ಎಂದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ಮಾತೆಲ್ಲ ಅಷ್ಟಕ್ಕೇ ಮುಗಿಯಿತು.

ಅವಳು ಪೊರಕೆಯನ್ನು ನನ್ನ ಕೈಗಿಟ್ಟಳು. "ಗುಡಿಸ್ರಿ. ಮೇಕೆ ಜಾಲಿಕಾಯಿ ತಿಂದು, ಮೆಲುಕು ಹಾಕ್ವಾಗ ಬೀಜ ಉಗುಳ್ತವೆ. ಹೊಟ್ಟೇಲಿ ನೆನೆದು ಸಿಪ್ಪೆ ಮೆತ್ತಗಾಗಿರ್ತೈತೆ. ನಿಮ್ ಬೀಜಕ್ಕೆ ಆ ಭಾಗ್ಯ ಎಲ್ಲೈತೆ?"

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಕೇಳಿದ್ರಾ?" ಎಂದಳು.

ಇಸ್ತ್ರಿ ಅಂಗಿಯಲ್ಲೇ ಗುಡಿಸಿದೆ. ಹಿಕ್ಕೆಗಳ ನಡುವಿನಿಂದ ಬೀಜ ಆರಿಸುವಾಗ ಹೋತವೊಂದು ಹಿಂದಿನಿಂದ ಗುಮ್ಮಿ, ನನ್ನನ್ನು ಆ ರಾಶಿಯ ಮೇಲೆಯೇ ಮಲಗಿಸಿತು. ತಿಪ್ಪಮ್ಮ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ನಮ್ಮ ರಾಜಿ ಆದದ್ದು ಆ ನಗುವಿನಲ್ಲಿ. ಮರುದಿನ ಕೆಲಸಕ್ಕೆ ಬಂದಳು. ಕೆಲವೇ ವಾರಗಳಲ್ಲಿ ಮಡಿ ತುಂಬಿತು.

ನೋಡಲು ಬಂದ ಅಧಿಕಾರಿ, ಯಾವ ವಿಧಾನ ಇದು ಎಂದು ಕೇಳಿದರು. 'ಬೀಜೋಪಚಾರ' ಎಂಬ ಭಾರದ ಪದ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಡುವ ಆಸೆಯೂ ಆಯಿತು. ಸ್ವಲ್ಪ ದೂರದಲ್ಲಿ ತಿಪ್ಪಮ್ಮ ತಲೆ ತಗ್ಗಿಸಿ ಕಳೆ ಕೀಳುತ್ತಿದ್ದಳು.

"ಇದು ತಿಪ್ಪಮ್ಮನವರ ವಿದ್ಯೆ ಸಾರ್. ಅವರನ್ನೇ ಕೇಳಿ," ಎಂದೆ.

ಅವಳು ಎದ್ದು ಬಂದು, ಮೇಕೆ ಮೆಲುಕು ಹಾಕುವುದನ್ನು ದವಡೆ ಆಡಿಸಿ ತೋರಿಸುತ್ತ ವಿವರಿಸಿದಳು. ಕೇಳುತ್ತ ಕೇಳುತ್ತ ಅಧಿಕಾರಿಯ ದವಡೆಯೂ ಆಡತೊಡಗಿತು.

ಮೊನ್ನೆ ನಾನು ಬಸ್ಸು ಹತ್ತಿದ್ದು ಮೊಳಕಾಲ್ಮುರಿನ ಸಸಿಮಡಿಯೊಂದರಲ್ಲಿ ಹೊನ್ನೆಬೀಜ ಹುಟ್ಟುತ್ತಿಲ್ಲವೆಂದು ಕರೆ ಬಂದದ್ದಕ್ಕೆ. ಈಗ ನನ್ನನ್ನು ತಜ್ಞ ಎನ್ನುತ್ತಾರೆ. ಅಲ್ಲಿ ನನ್ನ ಭಾಷಣಕ್ಕೆಂದು ಕುರ್ಚಿ ಹಾಕಿಸಿದ್ದರು. ನಾನು ಚಪ್ಪಲಿ ಕಳಚಿ, ಹೆಂಗಸರು ಬೀಜ ಆರಿಸುತ್ತಿದ್ದ ಗೋಣಿತಟ್ಟಿನ ಅಂಚಿನಲ್ಲಿ ಕೂತು, ನಿಮಗೇನು ಅನ್ನಿಸುತ್ತದೆ ಎಂದು ಕೇಳಿದೆ. ಅವರಲ್ಲೊಬ್ಬಾಕೆ, ಕಾಯಿಯ ಸುತ್ತಲಿನ ರೆಕ್ಕೆಯಂಥ ತೆಳು ಅಂಚು ಕತ್ತರಿಸಿ ನೆನೆಹಾಕಿದರೆ ಬೇಗ ಬರುತ್ತದೆ ಎಂದಳು. ಕತ್ತರಿಯನ್ನು ನನ್ನತ್ತ ಚಾಚಿದಳು.

ಮಧ್ಯಾಹ್ನದವರೆಗೂ ಅವಳ ಪಕ್ಕ ಕೂತು ರೆಕ್ಕೆ ಕತ್ತರಿಸಿದೆ.