ದೊಡ್ಡಮ್ಮ ಮೆಣಸಿನಕಾಯಿ ಕುಟ್ಟಿದ ಭಾನುವಾರಗಳು

ನಮ್ಮ ಸಭೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ಶವಪೆಟ್ಟಿಗೆ ಮಾಡುವವನಿಗೆ, ಎರಡನೆಯದು ನನಗೆ. ಅವನಾದರೂ ಅಳತೆ ಕೇಳುತ್ತಾನೆ, ನಾನು ಅದನ್ನೂ ಕೇಳುವುದಿಲ್ಲ. ಮಣ್ಣು ಮಾಡುವ ಮುಂಚೆ ದೇವಾಲಯದಲ್ಲಿ ಮೃತರ ಜೀವನಚರಿತ್ರೆ ಓದುವುದು ನಮ್ಮ ಕ್ರೈಸ್ತರ ವಾಡಿಕೆ. ಪತ್ರಿಕೆಗಳಲ್ಲಿ ನಾಲ್ಕು ಲೇಖನ ಬರೆದ ತಪ್ಪಿಗೆ, ಮಾಲೂರಿನ ಸುತ್ತಮುತ್ತ ಆ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ನನ್ನ ಬರವಣಿಗೆಯಲ್ಲಿ ಸತ್ತವರೆಲ್ಲ ಮೃದುಭಾಷಿಗಳು, ಪ್ರಾರ್ಥನಾವೀರರು. ಒಬ್ಬರೂ ಸೊಸೆಯನ್ನು ಬೈದವರಲ್ಲ. ಆ ಹಾಳೆ ಹಿಡಿದು ಸ್ವರ್ಗದ ಬಾಗಿಲಲ್ಲಿ ನಿಂತರೆ, ‘ಇವರು ಯಾರೋ ಬೇರೆಯವರು’ ಎಂದು ವಾಪಸು ಕಳಿಸಿಯಾರು.

ಮುಳಬಾಗಿಲಿನ ನನ್ನ ದೊಡ್ಡಮ್ಮ ನಿವೃತ್ತ ನರ್ಸು. ಹೋದ ವರ್ಷ ಎದೆನೋವಿನಿಂದ ಮಲಗಿ ಎದ್ದವರೇ ಫೋನ್ ಮಾಡಿದರು. “ಲೇ, ನಂದು ಈಗ್ಲೇ ಬರ್ಕೊಂಡ್ ಬಾ. ಸತ್ ಮೇಲೆ ಓದಿದ್ರೆ ನಂಗೇನ್ ಕೇಳ್ಸುತ್ತಾ?”

ಸೊಗಸಾಗಿ ಬರೆದುಕೊಂಡು ಹೊರಟೆ. ನರಸಾಪುರದಲ್ಲಿ ಕಂಪನಿ ಬಸ್ಸುಗಳ ಸಾಲಿನ ಹಿಂದೆ ಸಿಕ್ಕಿಕೊಂಡಾಗ ಹಾಳೆ ತೆಗೆದು ಇನ್ನೂ ಎರಡು ವಿಶೇಷಣ ಸೇರಿಸಿದೆ.

ದೊಡ್ಡಮ್ಮ ದಿಂಬಿಗೆ ಒರಗಿ, ಕಣ್ಣು ಮುಚ್ಚಿ ಕೇಳಿದರು. ಆಸ್ಪತ್ರೆಯ ಕೆಲಸ, ಮಾಡಿಸಿದ ಹೆರಿಗೆಗಳು, ಎಲ್ಲಕ್ಕೂ ತಲೆಯಾಡಿಸಿದರು. ‘ಒಬ್ಬಳೇ ಮಗಳನ್ನು ಕಳೆದುಕೊಂಡರೂ ಗೊಣಗದೆ ದೇವರ ಚಿತ್ತಕ್ಕೆ ತಲೆಬಾಗಿದರು’ ಎಂಬಲ್ಲಿಗೆ ಬಂದಾಗ ಕಣ್ಣು ತೆರೆದರು.

“ಏಮ್ರಾ ಇದು? ಗೊಣಗ್ಲಿಲ್ಲ ಅಂತ ಯಾರ್ ಹೇಳಿದ್ರು ನಿಂಗೆ? ನಾನ್ ಗೊಣಗ್ಲಿಲ್ಲ ಅಂದ್ರೆ ನನ್ನ ಸುಗುಣ ಏನು, ಒಡೆದೋದ ಮಡಕೇನಾ?”

ಮುಂದಿನದನ್ನು ಅವರೇ ಹೇಳಿದರು. ಸುಗುಣ ಜ್ವರದಲ್ಲಿ ಹೋದ ಮೇಲೆ ದೊಡ್ಡಮ್ಮ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಸುಮ್ಮನೆಯೂ ಕೂರಲಿಲ್ಲ. ಮನೆ ದೇವಾಲಯದ ಪಕ್ಕದಲ್ಲೇ. ಭಾನುವಾರ ಗಂಟೆ ಹೊಡೆದ ಕೂಡಲೇ ಹಿತ್ತಲಿನ ಒರಳಿಗೆ ಒಣಮೆಣಸಿನಕಾಯಿ ಸುರಿದು ಕುಟ್ಟಲು ನಿಲ್ಲುತ್ತಿದ್ದರು. ಘಾಟು ಕಿಟಕಿಯಲ್ಲಿ ನುಗ್ಗಿ, ಪ್ರಸಂಗ ಮಾಡುವ ಅಯ್ಯನವರೂ ಸೀನಬೇಕು, ಸಭೆಯೂ ಸೀನಬೇಕು. “ಆ ದೇವ್ರಿಗೂ ತಟ್ಲಿ ಅಂತ್ಲೇ ಕುಟ್ತಿದ್ದೆ” ಎಂದರು.

ಬುದ್ಧಿ ಹೇಳಲು ಬಂದವರು ಬೈಬಲಿನ ವಾಕ್ಯಗಳನ್ನು ಹೇಳಿ, ಸೀನಿ, ಹೋದರು. ಒಂದು ಭಾನುವಾರ ಅಯ್ಯನವರ ಹೆಂಡತಿ ಆರಾಧನೆ ಬಿಟ್ಟು ಹಿತ್ತಲಿಗೆ ಬಂದರು. ಮೂಲೆಯಲ್ಲಿದ್ದ ಇನ್ನೊಂದು ಒನಕೆ ಎತ್ತಿಕೊಂಡು, ಎದುರು ನಿಂತು, ಜೊತೆಗೆ ಕುಟ್ಟಿದರು. ಒಂದು ಮಾತಿಲ್ಲ. ಮೆಣಸಿನಕಾಯಿ ಪುಡಿಯಾಗುವ ಹೊತ್ತಿಗೆ ಇಬ್ಬರ ಕಣ್ಣಲ್ಲೂ ನೀರು.

“ಘಾಟಿಗೋ, ಸುಗುಣಂಗೋ, ಯಾರ್ ಕೇಳ್ತಾರೆ? ಮುಂದಿನ್ ವಾರ ದೇವಾಲಯಕ್ಕೆ ಹೋದೆ. ಅದನ್ ಬರಿಯೋ.”

ಬರೆಯುವುದು ದೇವರು ಕೊಟ್ಟ ವರ ಎಂದು ಹೇಳಿಕೊಂಡು ತಿರುಗುವವನು ನಾನು. ಬೈಬಲಿನಲ್ಲಿ ಸುವಾರ್ತೆ ಬರೆದ ಪುಣ್ಯಾತ್ಮರು ನೆನಪಾದರು. ಸೆರೆಸಿಕ್ಕ ಗುರುವನ್ನು ಪ್ರಾಣಭಯದಲ್ಲಿ ಅರಿಯೆನೆಂದು ಆಣೆಯಿಟ್ಟು, ಕೋಳಿ ಕೂಗಿದ ಮೇಲೆ ಬಿಕ್ಕಿ ಬಿಕ್ಕಿ ಅತ್ತ ಶಿಷ್ಯನ ಸಂಗತಿಯನ್ನು ಅವರು ಮುಚ್ಚಿಡಬಹುದಿತ್ತು. ಆತ ಆಮೇಲೆ ಸಭೆಗೇ ಹಿರಿಯನಾದವನು. ನನ್ನ ಕೈಗೆ ಸಿಕ್ಕಿದ್ದರೆ ‘ಕೊನೆಯವರೆಗೂ ನಿಷ್ಠಾವಂತರು’ ಎಂದು ಮುಗಿಸಿಬಿಡುತ್ತಿದ್ದೆ. ಸುವಾರ್ತೆ ಬರೆದವರು ಕೋಳಿಯನ್ನೂ ಬಿಡಲಿಲ್ಲ. ಅದಕ್ಕೇ ಇರಬೇಕು, ಇಷ್ಟು ಕಾಲದ ಮೇಲೂ ಆ ಪುಟಕ್ಕೆ ಬಂದಾಗ ನನ್ನಂಥವನಿಗೂ ಧೈರ್ಯ ಬರುತ್ತದೆ.

ಅಲ್ಲೇ ಕೂತು ತಿದ್ದಿದೆ. ವಿಶೇಷಣಗಳು ಹೋದವು, ಒರಳು ಒನಕೆ ಬಂದವು. ಮತ್ತೆ ಓದಿದೆ. ದೊಡ್ಡಮ್ಮ ಈ ಸಲ ಕಣ್ಣು ಮುಚ್ಚದೆ ಕೇಳಿದರು.

“ಈಗ ನಂಗೊಬ್ಳು ಮಗಳಿದ್ಲು ಅನ್ನಿಸ್ತು ಕಣೋ” ಎಂದರು.

ಆ ಹಾಳೆಗೆ ಇನ್ನೂ ಕೆಲಸ ಬಿದ್ದಿಲ್ಲ, ದೊಡ್ಡಮ್ಮ ಗಟ್ಟಿಯಾಗಿದ್ದಾರೆ. ಆದರೆ ಈಗ ಸಾವಿನ ಮನೆಗೆ ಹೋದರೆ, ಹುಟ್ಟಿದ ಊರು, ಮಾಡಿದ ಕೆಲಸ ಕೇಳಿಕೊಂಡ ಮೇಲೆ ನಾನು ಮೆಲ್ಲಗೆ ಇನ್ನೊಂದು ಕೇಳುತ್ತೇನೆ: “ಇವರು ದೇವರ ಹತ್ರ ಯಾವಾಗ ಜಗಳ ಆಡಿದ್ರು?” ಮನೆಯವರು ಮೊದಲು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗುತ್ತಾರೆ. ಅಷ್ಟು ಹೊತ್ತು ಪೆಟ್ಟಿಗೆಯಲ್ಲಿ ಮಲಗಿದ್ದವರು ಎದ್ದು ಬಂದು ನಮ್ಮ ನಡುವೆ ಕೂತಂತಾಗುತ್ತದೆ.