ನಾನೇ ಬಳಿದ ಸಿಮೆಂಟು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಊರಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಸುಳ್ಳೇನಲ್ಲ. ಆದರೆ ಆ ಒಂದು ವಾರ ಉಡುಪಿಯ ಹಳೆಯ ಪೇಟೆಯಲ್ಲಿ ಮಗಳ ಪ್ರಾಯದ ಹುಡುಗಿಯೊಬ್ಬಳು ದಿನವೂ ನನ್ನನ್ನು ಬೈದಳು, ನಾನು ತಲೆಯಾಡಿಸಿಕೊಂಡು ಕೇಳಿದೆ. ಬೈಗುಳ ತಲುಪುತ್ತಿರುವುದು ನನಗೇ ಎಂಬುದು ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ.

ನಾನು ಇನ್ನಂಜೆಯವನು, ಗಾರೆ ಮೇಸ್ತ್ರಿ. ಮಂಡಿನೋವು ಶುರುವಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅಂದರೆ, ಹೆಂಡತಿ ಮಾಡುವ ಒಂದೊಂದು ಕೆಲಸದಲ್ಲೂ ತಪ್ಪು ಹುಡುಕುತ್ತಿದ್ದೆ. ಅಂಥ ಹೊತ್ತಿನಲ್ಲಿ ಮಣಿಪಾಲದಿಂದ ಈ ಹುಡುಗಿ ಸ್ಕೂಟರಿನಲ್ಲಿ ಬಂದಳು. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ ಉಳಿಸುವ ಆರ್ಕಿಟೆಕ್ಟ್ ಅಂತೆ. ಚಿಪ್ಪಿನ ಸುಣ್ಣ ಅರೆದು, ಬೆಲ್ಲದ ನೀರು ಹಾಕಿ ಗಾರೆ ಕಲಸಲು ಬರುವ ಮೇಸ್ತ್ರಿಯನ್ನು ಕಾಪುವಿನಿಂದ ಕಾರ್ಕಳದವರೆಗೆ ಹುಡುಕಿ ಸಾಕಾಗಿ, ಕೊನೆಗೆ ಯಾರೋ ನನ್ನ ಹೆಸರು ಹೇಳಿದರಂತೆ. ನಾನು ಗತ್ತಿನಲ್ಲಿ ಯೋಚನೆ ಮಾಡಿ ಹೇಳುತ್ತೇನೆ ಎನ್ನುವಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದಲೇ, ಯೋಚನೆ ಎಂತದ್ದು, ಇವತ್ತೇ ಕರೆದುಕೊಂಡು ಹೋಗಿ, ನಿಮಗೆ ಪುಣ್ಯ ಬರ್ತದೆ ಎಂದಳು.

ಮರುದಿನ ಬಸ್ಸಿಳಿದು ಪೇಟೆಗೆ ಹೋದೆ. ಪೇಟೆಯನ್ನು ಹೊಸತು ಮಾಡುತ್ತಿದ್ದರು. ಅಲ್ಲಲ್ಲಿ ರಸ್ತೆ ಅಗಲ ಮಾಡಲು ಅಗೆದಿದ್ದಾರೆ, ಹೆಂಚಿನ ಅಂಗಡಿಗಳಿದ್ದ ಜಾಗದಲ್ಲಿ ಗಾಜಿನ ಕಾಂಪ್ಲೆಕ್ಸುಗಳು ಎದ್ದಿವೆ. ನಾನು ಕೆಲಸ ಮಾಡಿದ ಬೀದಿಗಳೇ ನನಗೆ ಗುರುತು ಸಿಗದೆ, ಹೋಟೆಲಿನ ಸಾಂಬಾರಿನ ಪರಿಮಳ ಹಿಡಿದು ದಾರಿ ಕಂಡುಕೊಳ್ಳಬೇಕಾಯಿತು. ಹುಡುಗಿ ಹೇಳಿದ ಕಟ್ಟಡದ ಎದುರು ನಿಂತಾಗ ಮಾತ್ರ ಗುರುತು ಹತ್ತಿತು. ಎರಡು ಮಾಳಿಗೆ, ಹೆಂಚಿನ ಮಾಡು, ಕೆಳಗೆ ಹಳೆಯ ಜವಳಿ ಅಂಗಡಿ. ಅದರ ಮುಂಗೋಡೆಗೆ ಸಿಮೆಂಟು ಬಳಿದವನು ನಾನೇ. ನನ್ನ ಮದುವೆಯ ವರ್ಷ ಅದು.

ಹೇಳಿಬಿಡಬಹುದಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ಅವಳು ಗೋಡೆಗೆ ಬಡಿದು ತೋರಿಸಿದಳು. ಒಳಗೆಲ್ಲ ಪೊಳ್ಳು ಸದ್ದು. ತೂತುತೂತಿನ ಈ ಕೆಂಪು ಮುರಕಲ್ಲಿನ ಗೋಡೆ ಉಸಿರಾಡಬೇಕು, ಸುಣ್ಣದ ಗಾರೆಯಾದರೆ ಬಿಡುತ್ತಿತ್ತು, ಸಿಮೆಂಟು ಬಿಡಲಿಲ್ಲ, ನೀರು ಒಳಗೇ ನಿಂತು ಕಲ್ಲು ಹುಡಿಯಾಗಿದೆ ಎಂದಳು. ಆಮೇಲೆ ಕೇಳಿದಳು, "ಯಾರು ಮಾರಾಯ್ರೇ ಈ ಕೆಲಸ ಮಾಡಿದ್ದು?"

"ಯಾರೋ ಕತ್ತೆ," ಎಂದೆ.

ಒಮ್ಮೆ ಹೇಳಿದ ಮೇಲೆ ಮುಗಿಯಿತಲ್ಲ, ಹಿಂದೆ ತೆಗೆದುಕೊಳ್ಳುವುದು ಹೇಗೆ? ಗೋಡೆಗೆ ಕಟ್ಟಿದ್ದ ಬಿದಿರಿನ ಅಟ್ಟಣಿಗೆ ಹತ್ತಿ ನನ್ನ ಕೆಲಸವನ್ನು ನಾನೇ ಕೆತ್ತಿ ಕೆಡವಲು ಕೂತೆ. ಸಿಮೆಂಟು ಗಟ್ಟಿಯಾಗಿತ್ತು. ಹೇಳಬಾರದು, ಆದರೂ ಸ್ವಲ್ಪ ಹೆಮ್ಮೆಯಾಯಿತು. ಕೆಳಗಿನಿಂದ ಹುಡುಗಿ, ಈ ಕತ್ತೆ ಒಳ್ಳೆ ಗಟ್ಟಿ ಹಚ್ಚಿದ್ದಾನೆ ಎಂದು ಹಲ್ಲು ಕಡಿಯುತ್ತಿದ್ದಳು. ಕತ್ತೆ ಎಂಬ ಹೆಸರನ್ನು ಇಟ್ಟುಕೊಟ್ಟವನು ನಾನೇ ಆದ್ದರಿಂದ ತಕರಾರು ಮಾಡುವಂತಿರಲಿಲ್ಲ.

ವಾರ ಕಳೆಯುವಾಗ ಬಾಗಿಲಿನ ಮೇಲ್ಭಾಗದಲ್ಲಿ ಕೆಂಪು ಬಣ್ಣ ಕಾಣಿಸಿತು. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಹಸಿ ಇರುವಾಗಲೇ ಗೀರಿ ಬಿಡಿಸುವ ಕಾವಿ ಚಿತ್ರ. ಎಡಕ್ಕೊಂದು ಗಿಳಿ, ಬಲಕ್ಕೊಂದು ಗಿಳಿ. ಹುಡುಗಿ ಏಣಿ ಹತ್ತಿ ಬಂದು ಗಿಳಿಯ ರೆಕ್ಕೆಯನ್ನು ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟಿದಳು. ನಡುವಿನ ಭಾಗ ಮಾತ್ರ ಪೂರ್ತಿ ಹಾಳಾಗಿತ್ತು. ಹೊಸ ಸಿಮೆಂಟು ಹಿಡಿದುಕೊಳ್ಳಲಿ ಎಂದು ಹಳೆಯ ಗೋಡೆಯನ್ನು ಚಾಣದಿಂದ ಕಚ್ಚು ಹಾಕಿ ಗಾಯ ಮಾಡುವುದು ಮೇಸ್ತ್ರಿಗಳ ಕ್ರಮ. ನಾನು ಕ್ರಮ ತಪ್ಪಿದವನಲ್ಲ. ಉಬ್ಬಿಕೊಂಡಿದ್ದ ನಡುವಿನಲ್ಲಿ ಇನ್ನೂ ನಾಲ್ಕು ಪೆಟ್ಟು ಜಾಸ್ತಿ ಕೊಟ್ಟಿದ್ದೆ.

ಅವಳು ಆ ಗಾಯಗಳ ಮೇಲೆ ಬೆರಳಾಡಿಸಿ, ನೋಡಿ, ಕಚ್ಚುಗಳೆಲ್ಲ ಒಂದೇ ಕಡೆಗೆ ವಾಲಿವೆ, ಹೊಡೆದವನು ಎಡಚ ಇರಬೇಕು ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎಡಗೈಯಲ್ಲಿದ್ದ ಸುತ್ತಿಗೆಯನ್ನು ಮೆಲ್ಲಗೆ ಬಲಗೈಗೆ ದಾಟಿಸಿ ಒಂದು ಪೆಟ್ಟು ಹೊಡೆದೆ. ಅದು ಸೀದಾ ನನ್ನ ಹೆಬ್ಬೆರಳಿಗೆ ಬಿತ್ತು. ಹುಡುಗಿ ಬ್ಯಾಗಿನಿಂದ ಬ್ಯಾಂಡೇಜು ತೆಗೆದು ಕಟ್ಟಿ, ಏಣಿ ಇಳಿದು ಹೋದಳು.

ಶನಿವಾರ ಕಟ್ಟಡದ ಯಜಮಾನಿ ಶಿರ್ವದಿಂದ ಬಂದರು. ಗಂಡನೊಂದಿಗೆ ಬಹುಕಾಲ ಗಲ್ಫಿನಲ್ಲಿದ್ದವರು. ಸಿಮೆಂಟು ಬಳಿಸಿದ್ದು ಅವರ ಮಾವ, ಆದ್ದರಿಂದ ನನ್ನ ಮುಖ ಅವರಿಗೆ ಗೊತ್ತಿಲ್ಲ. ಬರುವಾಗೆಲ್ಲ ಡಬ್ಬಿ ತುಂಬ ಬನ್ಸ್ ತರುತ್ತಿದ್ದರು, ಅವತ್ತೂ ತಂದಿದ್ದರು. ಆದರೆ ಮುಖ ಬಾಡಿತ್ತು. ಮೈದುನಂದಿರು ಕಟ್ಟಡ ಕೆಡವಿ ಕಾಂಪ್ಲೆಕ್ಸಿಗೆ ಕೊಡುವ ಎಂದು ಹಟ ಹಿಡಿದಿದ್ದಾರಂತೆ, ಸೋಮವಾರ ನೋಡಲು ಬರುತ್ತಾರಂತೆ. ನಾಲ್ಕು ಜನ ನಿಂತು ನೋಡುವಂಥದ್ದು ಇಲ್ಲಿ ಉಂಟು ಎಂದು ತೋರಿಸಿದರೆ ಉಳಿಸಲು ಅವರು ಒಪ್ಪಿಯಾರು ಎಂದರು. ಆಮೇಲೆ ಗಿಳಿಗಳನ್ನು ನೋಡಿ ಕೇಳಿದರು, "ಮಧ್ಯದಲ್ಲಿ ಎಂತ ಇತ್ತು?"

ಗೊತ್ತಿಲ್ಲ ಎಂದಳು ಹುಡುಗಿ. ಫೋಟೋ ಎಲ್ಲೂ ಸಿಕ್ಕಿಲ್ಲ. ಕಲಶ ಇದ್ದಿರಬಹುದು, ಆದರೆ ಊಹೆ ಮಾಡಿ ಬಿಡಿಸಿದರೆ ಅದು ಸುಳ್ಳಾಗುತ್ತದೆ, ಸುಳ್ಳು ಬಿಡಿಸುವುದಕ್ಕಿಂತ ಖಾಲಿ ಬಿಡುವುದು ವಾಸಿ ಎಂದಳು. ಯಜಮಾನಿ, ಅರ್ಧ ಚಿತ್ರ ಇಟ್ಟುಕೊಂಡು ಮೈದುನಂದಿರಿಗೆ ನಾನು ಎಂತ ತೋರಿಸುವುದು ಮಗಾ ಎಂದರು. ಕಣ್ಣು ಒರೆಸಿಕೊಂಡು ನನ್ನ ಕೈಗೆ ಬನ್ಸ್ ಕೊಟ್ಟರು. ಅದನ್ನು ತಿನ್ನದೆ ಡಬ್ಬಿಗೇ ಹಿಂದಿಟ್ಟೆ.

ಯಾಕೆಂದರೆ ಮಧ್ಯದಲ್ಲಿ ಎಂತ ಇತ್ತು ಎಂದು ನನಗೆ ಗೊತ್ತಿತ್ತು. ವರ್ಷಗಟ್ಟಲೆ ಬಳಿದ ಸುಣ್ಣದಡಿ ಚಿತ್ರ ಮುಚ್ಚಿಹೋಗಿತ್ತು, ಅದನ್ನು ಕೆರೆದಾಗ ಸರಿಯಾಗಿ ನೋಡಿದವನು ಜೀವದಿಂದಿರುವವರಲ್ಲಿ ನಾನೊಬ್ಬನೇ ಇರಬೇಕು. ಚಾಣ ಇಡುವ ಮೊದಲು ಅರೆಗಳಿಗೆ ನಿಂತು ನೋಡಿ, ನಕ್ಕು, ಹೊಡೆದಿದ್ದೆ.

ಭಾನುವಾರ ಮನೆಯಲ್ಲಿ ನಾನು ಯಾವುದಕ್ಕೂ ತಪ್ಪು ಹುಡುಕಲಿಲ್ಲ. ಹೆಂಡತಿ ಹೆದರಿ ಹಣೆ ಮುಟ್ಟಿ ನೋಡಿದಳು. ಎಲ್ಲವನ್ನೂ ಅವಳಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡರೆ ನಗಲಿಲ್ಲ. ನೀವು ಮರ್ಯಾದೆ ಉಳಿಸಿಕೊಳ್ಳಲು ಹೋದರೆ ಆ ಹೆಂಗಸಿನ ಕಟ್ಟಡ ಹೋಗ್ತದೆ, ಅಷ್ಟೇ ವಿಷಯ ಎಂದು ಹೇಳಿ ಮೀನು ಹೆಚ್ಚಲು ಹೋದಳು.

ಸೋಮವಾರ ಎಲ್ಲರಿಗಿಂತ ಮೊದಲು ಪೇಟೆಗೆ ಮುಟ್ಟಿದೆ. ಹುಡುಗಿ ಬಂದು ಸ್ಕೂಟರ್ ನಿಲ್ಲಿಸುವ ಮೊದಲೇ ಹೇಳಿದೆ, "ಆ ಕತ್ತೆ ನಾನೇ."

ಅವಳು ಹೆಲ್ಮೆಟ್ ತೆಗೆದಳು. "ಗೊತ್ತುಂಟು. ನೀವು ಬಲಗೈಯಲ್ಲಿ ಹೊಡೆದ ದಿನವೇ ಗೊತ್ತಾಯ್ತು. ಮತ್ತೆ ನಾನು ಬೈದದ್ದು ಜಾಸ್ತಿ ಆಯ್ತು ಅಂತ ಬೇಜಾರಾಗಿ ಸುಮ್ಮನಿದ್ದೆ."

ಸರಿಯೇ. ಹೆಬ್ಬೆರಳಿಗೆ ಪೆಟ್ಟು ಬಿದ್ದ ಮೇಲೆ ಅವಳು ಕತ್ತೆಯ ಸುದ್ದಿಯನ್ನೇ ಎತ್ತಿರಲಿಲ್ಲ, ನಾನು ಗಮನಿಸಿರಲಿಲ್ಲ. ನಾಚಿಕೆಯಲ್ಲಿ ನನ್ನ ಕಿವಿ ಬಿಸಿಯಾಯಿತು. ನಡುವೆ ಇದ್ದದ್ದು ಕಲಶ ಅಲ್ಲ ಎಂದೆ. ಅವಳ ಕೈಯಲ್ಲಿದ್ದ ಹೆಲ್ಮೆಟ್ ನೆಲಕ್ಕೆ ಬಿತ್ತು.

ಕಾಗದ, ಪೆನ್ಸಿಲು ತಂದುಕೊಟ್ಟಳು. ಜಗಲಿಯ ಮೇಲೆ ಕೂತು ಬಿಡಿಸಿದೆ. ಎರಡು ಗಿಳಿಗಳ ನಡುವೆ ಒಂದು ಬಿದಿರಿನ ಅಟ್ಟಣಿಗೆ, ಅದರ ಮೇಲೆ ಕುಕ್ಕರಗಾಲಿನಲ್ಲಿ ಕೂತ ಪುಟ್ಟ ಮೇಸ್ತ್ರಿ. ತಲೆಗೆ ಮುಟ್ಟಾಳೆ, ಅದೇ ಅಡಿಕೆ ಹಾಳೆಯ ಟೋಪಿ, ಕೈಯಲ್ಲಿ ಗಾರೆ ಹಚ್ಚುವ ಕರಣೆ. ಒಂದು ಗಿಳಿ ಅವನ ಮುಟ್ಟಾಳೆಯನ್ನು ಕಚ್ಚಿ ಎಳೆಯುತ್ತಿತ್ತು. ಆ ಗೋಡೆ ಕಟ್ಟಿದ ಯಾವನೋ ಹಳೆಯ ಕಾಲದ ಮೇಸ್ತ್ರಿ, ಯಜಮಾನ ಆಚೆ ಹೋಗಿದ್ದಾಗ ತನ್ನನ್ನೇ ಬಿಡಿಸಿಕೊಂಡಿದ್ದ. ಎಡಗಡೆಯ ಗಿಳಿಯ ಕೊಕ್ಕಿನ ತುದಿಯಲ್ಲಿ ಒಂದು ಗೆರೆ ಯಾಕೆ ಅರ್ಧಕ್ಕೆ ನಿಂತಿದೆ ಎಂದು ಹುಡುಗಿ ತಲೆ ಕೆರೆದುಕೊಂಡಿದ್ದಳು. ಕಾಗದವನ್ನು ಗೋಡೆಗೆ ಹಿಡಿದು ನೋಡಿದಾಗ ಆ ಗೆರೆ ಮುಟ್ಟಾಳೆಯ ಅಂಚಿಗೆ ಸರಿಯಾಗಿ ಬಂದು ಕೂತಿತು.

ಯಜಮಾನಿ ಮತ್ತು ಮೈದುನಂದಿರು ಬರುವಾಗ ನಾವು ಇನ್ನೂ ಜಗಲಿಯಲ್ಲೇ ಇದ್ದೆವು. ಅವರಿಗೂ ನಾನೇ ಹೇಳಿದೆ. ದೊಡ್ಡ ಮೈದುನ ಕಾಗದ, ಗೋಡೆ, ನನ್ನ ಮುಖ ಮೂರನ್ನೂ ನೋಡಿ, ಗಿಳಿ ಮುಟ್ಟಾಳೆ ಎಳೆಯುವುದು ಕಂಡು ಜೋರಾಗಿ ನಕ್ಕುಬಿಟ್ಟ. ಆ ನಗು ನನಗೆ ಗುರುತಿತ್ತು, ಅದೇ ಜಾಗದಲ್ಲಿ ನಾನೂ ನಕ್ಕಿದ್ದೆ. ಆದರೆ ನಕ್ಕ ಮೇಲೆ ಅವನು ನನ್ನ ಹಾಗೆ ಚಾಣ ಎತ್ತಲಿಲ್ಲ. ಮಳೆ ಹಿಡಿಯುವ ಮೊದಲು ಇದನ್ನು ಮುಗಿಸಿ, ಕಾಂಪ್ಲೆಕ್ಸಿನವರಿಗೆ ಬೇಡ ಎಂದು ನಾನು ಹೇಳುತ್ತೇನೆ ಎಂದ.

ಸುಣ್ಣ ಅರೆದು, ಬೆಲ್ಲದ ನೀರು ಹುಳಿ ಬಂದ ಮೇಲೆ ಗಾರೆ ಕಲಸಿದೆವು. ಕೆಮ್ಮಣ್ಣು ಹಚ್ಚಿ, ಹಸಿ ಆರುವ ಮೊದಲು ಗೀರಲು ನಾನೇ ಅಟ್ಟಣಿಗೆ ಹತ್ತಿದೆ. ಹುಡುಗಿ ಪಕ್ಕದಲ್ಲಿ ಕೂತು ಕೇಳಿದಳು, "ಕರಣೆ ಯಾವ ಕೈಯಲ್ಲಿತ್ತು?"

ಕಾಗದದಲ್ಲಿ ಬೇಕೆಂದೇ ಎಡಗೈಗೆ ಕೊಟ್ಟಿದ್ದೆ. ಯಾರಿಗೆ ಗೊತ್ತಾಗುತ್ತದೆ, ನನ್ನದೂ ಒಂದು ಗುರುತು ಇಲ್ಲಿರಲಿ ಎಂಬ ಆಸೆಯಿತ್ತು. ಕೆಳಗೆ ಯಜಮಾನಿ ಕುತ್ತಿಗೆ ಎತ್ತಿಕೊಂಡು ಕಾಯುತ್ತಿದ್ದರು.

"ಬಲಗೈ," ಎಂದು ಇದ್ದದ್ದನ್ನು ಹೇಳಿ, ಅವನ ಬಲಗೈಯ ಕರಣೆಯನ್ನು ನನ್ನ ಎಡಗೈಯಿಂದ ಗೀರಿದೆ.