ಹೆಸರು ಕೊರೆಸಿದ ಡಬ್ಬಿಯ ದ್ವೀಪಯಾತ್ರೆ

ಚಾಮರಾಜಪುರಂನ ನಮ್ಮ ಮನೆಯ ಅಟ್ಟದ ಮೇಲೆ ಒಂದು ಸ್ಟೀಲ್ ಡಬ್ಬಿ ಮೂರು ವರ್ಷ ತಪಸ್ಸಿಗೆ ಕೂತಿತ್ತು. ಅದರ ಹೊಟ್ಟೆಯ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆಸಿದ ಹೆಸರು: ಕಮಲಮ್ಮ, ಯಾದವಗಿರಿ. ಕಮಲಮ್ಮ ನನ್ನ ಸೋದರತ್ತೆ, ಅಪ್ಪನ ಅಕ್ಕ. ನಾನಾಡುವ ಕನ್ನಡದಲ್ಲಿ ಅರ್ಧ ಅತ್ತೆಯದು, ಇನ್ನರ್ಧ ಅಮ್ಮನದು. ಆ ಎರಡು ಅರ್ಧಗಳೂ ಪರಸ್ಪರ ಮಾತು ಬಿಟ್ಟಿದ್ದ ಕಾಲದಲ್ಲಿ ನಾನು ಮೂಕನಾಗದೆ ಉಳಿದದ್ದೇ ಹೆಚ್ಚು.

ಮುನಿಸಿಗೆ ಕಾರಣ ಆಸ್ತಿಯಲ್ಲ; ಅಂಥ ಹಗುರ ವಿಷಯಗಳಿಗೆಲ್ಲ ನಮ್ಮವರು ಜಗಳವಾಡುವುದಿಲ್ಲ. ಕಾರಣ ಪುಳಿಯೋಗರೆ ಗೊಜ್ಜು. ಅತ್ತೆ ಆ ಡಬ್ಬಿಯ ತುಂಬ ಗೊಜ್ಜು ಕಳಿಸಿದ್ದರು; ಅಮ್ಮ ಫೋನಿನಲ್ಲಿ, ಅತ್ಯಂತ ಪ್ರೀತಿಯಿಂದ, ಉಪ್ಪು ಸ್ವಲ್ಪ ಮುಂದಾಗಿದೆ ಎಂದರು. ಅದನ್ನಾದರೂ ಕ್ಷಮಿಸಬಹುದಿತ್ತು. ಆದರೆ ಅಮ್ಮ ಡಬ್ಬಿಯನ್ನು ತೊಳೆದು, ಒರೆಸಿ, ಖಾಲಿ ಕಳಿಸಿಬಿಟ್ಟರು. ತಿಂಡಿ ಬಂದ ಪಾತ್ರೆ ಖಾಲಿ ಹೋಗಬಾರದು, ಏನೂ ಇಲ್ಲದಿದ್ದರೆ ತಳದಲ್ಲಿ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು ಎಂಬುದು ನಿಮಗೂ ಗೊತ್ತಿರುವ ಕಾನೂನು. ನಮ್ಮ ಮನೆಗಳಲ್ಲಿ ಇದಕ್ಕೆ ಸಂವಿಧಾನದಷ್ಟೇ ಗೌರವ, ಪಾಲನೆ ಮಾತ್ರ ಸ್ವಲ್ಪ ಹೆಚ್ಚು. ಡಬ್ಬಿ ಅದೇ ಸಂಜೆ ಆಟೋ ಹತ್ತಿ ವಾಪಸ್ಸು ಬಂತು. ಅವಳೇ ಇಟ್ಟುಕೊಳ್ಳಲಿ ಎಂದಿದ್ದರಂತೆ ಅತ್ತೆ.

ಇದು ಹೀಗೆಯೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಅಷ್ಟರಲ್ಲಿ ನನ್ನ ಮಗಳ ಮದುವೆ ನಿಶ್ಚಯವಾಯಿತು. ನಮ್ಮ ಮನೆತನದ ಮದುವೆಗಳಲ್ಲಿ ಹಸೆ ಬರೆಯುವುದು ಅತ್ತೆಯ ಕೈ. ಕೆಮ್ಮಣ್ಣಿನ ಮೇಲೆ ಅವರು ಎಳೆದ ಬಿಳಿಗೆರೆಯ ಮುಂದೆ ಕೂರದೆ ನಮ್ಮಲ್ಲಿ ಯಾರೂ ಸಂಸಾರಸ್ಥರಾಗಿಲ್ಲ. ಯಾದವಗಿರಿ ಅಜ್ಜಿ ಹಸೆ ಬರೆಯದಿದ್ದರೆ ಮಣೆ ಏರುವುದಿಲ್ಲವೆಂದು ಮಗಳು ಕೂತಳು. ನಾನೂ ನನ್ನ ಹೆಂಡತಿಯೂ ಲಗ್ನಪತ್ರಿಕೆ ಹಿಡಿದು ಹೋದೆವು. ಅತ್ತೆ ಕುಂಕುಮ ಕೊಟ್ಟರು, ಕಾಫಿ ಕೊಟ್ಟರು, ‘ನೋಡೋಣ’ ಎಂದರು. ಮೈಸೂರಿನವರಿಗೆ ‘ಇಲ್ಲ’ ಎಂಬ ಒರಟು ಪದ ಬಾಯಿಗೆ ಬರುವುದಿಲ್ಲ. ಅದಕ್ಕಾಗಿಯೇ ‘ನೋಡೋಣ’ವನ್ನು ಸಾಕಿಕೊಂಡಿದ್ದೇವೆ. ಅಮ್ಮ ಬಾಯಿಬಿಟ್ಟು ಕರೆಯಬೇಕೆಂದು ಅತ್ತೆ, ಅತ್ತೆ ಮೊದಲು ಮಾತಾಡಿಸಬೇಕೆಂದು ಅಮ್ಮ.

ಆ ದಿನಗಳಲ್ಲೇ ನನ್ನ ಬೆಳಗಿನ ವಾಕಿಂಗ್ ಮಿತ್ರರೊಬ್ಬರು ವಿದೇಶ ಸುತ್ತಿ ಬಂದು, ಅಲ್ಲಿನವರು ಬೆಳಿಗ್ಗೆ ಹಡಗು ಹತ್ತಿ ಯಾವುದೋ ದ್ವೀಪಕ್ಕೆ ಹೋಗಿ, ದಡದ ಊರಿನಲ್ಲಿ ಊಟ ಮಾಡಿ, ಸಂಜೆಗೆ ಮನೆ ಸೇರುವ ವೈಭವವನ್ನು ದಿನವೂ ಬಣ್ಣಿಸುತ್ತಿದ್ದರು. ನಮಗೇನು ದ್ವೀಪಗಳಿಗೆ ಬರಗಾಲವೇ? ಶ್ರೀರಂಗಪಟ್ಟಣ ಅಪ್ಪಟ ದ್ವೀಪ. ಸೇತುವೆಯ ಮೇಲೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತ ದಾಟುವುದರಿಂದ ಆ ಸಂಗತಿ ನಮ್ಮ ಗಮನಕ್ಕೆ ಬಂದಿಲ್ಲ, ಅಷ್ಟೆ. ಸಮುದ್ರವಿಲ್ಲದ ಊರಿನವರಾದ ನಮ್ಮ ನೌಕಾಬಲವೆಂದರೆ ತಲಕಾಡಿನ ಹರಿಗೋಲು. ನಾನೂ ತಲಕಾಡಿಗೇ ಒಂದು ದ್ವೀಪಯಾತ್ರೆ ಏರ್ಪಡಿಸಿದೆ. ಮದುವೆಯಾಗಿ ಹೋಗುವ ಹುಡುಗಿಯ ಆಸೆ ಎಂದು ಇಬ್ಬರು ಹಿರಿಯರೂ ಒಪ್ಪಿದರು, ಒಂದೇ ಷರತ್ತಿನ ಮೇಲೆ, ಇಬ್ಬರದೂ ಅದೇ ಷರತ್ತು: ‘ಅವರು ನನ್ನನ್ನು ಮಾತಾಡಿಸಬಾರದು.’ ವ್ಯಾನಿನಲ್ಲಿ ಅತ್ತೆ ಡ್ರೈವರನ ಪಕ್ಕ, ಅಮ್ಮ ಕಟ್ಟಕಡೆಯ ಸೀಟಿನಲ್ಲಿ. ನಡುವೆ ನಾವು, ಗಡಿ ಕಾಯುವ ಸೈನಿಕರ ಹಾಗೆ.

ಆದರೆ ಹರಿಗೋಲು ದುಂಡಗಿರುತ್ತದೆ, ನೋಡಿ. ಅದಕ್ಕೆ ಮುಂದು ಹಿಂದು ಇಲ್ಲ. ಮುನಿಸಿಗೆ ಮುಖ್ಯವಾಗಿ ಬೇಕಾದದ್ದು ಬೆನ್ನು. ಹರಿಗೋಲಿನಲ್ಲಿ ಬೆನ್ನೆಲ್ಲ ನೀರಿನ ಕಡೆ, ಮುಖವೆಲ್ಲ ಒಳಗಡೆ. ಅಂಬಿಗ ಕಿವಿಗೆ ಮೊಬೈಲು ಸಿಕ್ಕಿಸಿಕೊಂಡೇ, ‘ಅಜ್ಜಿ ನೀವು ಅತ್ಲಾಗೆ, ಈ ಅಮ್ಮಾವ್ರು ಇತ್ಲಾಗೆ ಕೂತ್ಕಳಿ, ತೂಕ ಸಮ ಆಗ್ಬೇಕು’ ಎಂದು ಇಬ್ಬರನ್ನೂ ಎದುರುಬದುರು ಕೂರಿಸಿದ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಟ್ಟ ಇಬ್ಬರೂ ದಸರಾ ಬೊಂಬೆಗಳ ಗತ್ತಿನಲ್ಲಿ, ಒಬ್ಬರು ಆಕಾಶವನ್ನೂ ಒಬ್ಬರು ಕಾವೇರಿಯನ್ನೂ ಅಧ್ಯಯನ ಮಾಡತೊಡಗಿದರು. ನದಿಯ ನಡುವೆ ಅಂಬಿಗ, ಪ್ರವಾಸಿಗಳಿಗೆ ಖುಷಿಯಾಗಲೆಂದು, ಹರಿಗೋಲನ್ನು ಗಿರ್ರನೆ ತಿರುಗಿಸಿದ. ಊಟದ ಚೀಲ ವಾಲಿತು. ಒಳಗಿನಿಂದ ಒಂದು ಡಬ್ಬಿ ಉರುಳಿ ಹೋಗಿ ಅತ್ತೆಯ ಪಾದಕ್ಕೆ ತಾಗಿ ನಿಂತಿತು, ಕೊರೆಸಿದ ಹೆಸರು ನೇರ ಅವರ ಮುಖಕ್ಕೆ.

‘ಯಾರದಿದು?’ ಎಂದರು ಅತ್ತೆ, ಗಾಳಿಯನ್ನು ಕೇಳುವವರಂತೆ.

‘ಹೆಸ್ರು ಕೊರ್ಸಿದೆಯಲ್ಲ, ಓದ್ಕೋಬಹುದು’ ಎಂದರು ಅಮ್ಮ, ಅದೇ ಗಾಳಿಗೆ.

ಅತ್ತೆ ಮುಚ್ಚಳ ತೆಗೆದರು. ಕಂಠದವರೆಗೆ ಒತ್ತೊತ್ತಾಗಿ ಜೋಡಿಸಿದ ಕೊಬ್ಬರಿ ಮಿಠಾಯಿ. ಅತ್ತೆಗೆ ಬೇರೆ ಯಾವ ಸಿಹಿಯೂ ಸೇರದೆಂದು ಎರಡೂ ಮನೆಗಳಿಗೆ ಗೊತ್ತು.

‘ಇದನ್ನ ತುಂಬಕ್ಕೆ ಮೂರು ವರ್ಷ ಬೇಕಾಯ್ತೇನೆ, ಶಾರದಾ?’

ಅಮ್ಮ ಡಬ್ಬಿಯ ಕಡೆ ನೋಡಿದರು. ‘ಹಬ್ಬಹಬ್ಬಕ್ಕೂ ಇಳಿಸಿ ತೊಳೀತಿದ್ದೆ ಅತ್ತಿಗೆ. ಏನು ಹಾಕ್ಬೇಕು ಅಂತ ತಿಳೀದೆ ಮತ್ತೆ ಮೇಲಿಡ್ತಿದ್ದೆ.’ ಆಮೇಲೆ, ಸೆರಗಿನ ತುದಿ ತಿರುಚುತ್ತ, ‘ಮದುವೆಗೆ ಬನ್ನಿ’ ಎಂದರು.

ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ‘ಏಲಕ್ಕಿ ಸ್ವಲ್ಪ ಮುಂದು ಕಣೇ’ ಎಂದರು. ನಾನು ಹರಿಗೋಲಿನ ಅಂಚನ್ನು ಬಿಗಿಯಾಗಿ ಹಿಡಿದೆ. ಅಮ್ಮ ನಕ್ಕುಬಿಟ್ಟರು. ‘ಹಸೆ ಬರೆಯಕ್ಕೆ ಬರ್ತೀನಲ್ಲ, ಆಗ ಹದ ತೋರಿಸ್ಕೊಡ್ತೀನಿ’ ಎಂದು ಅತ್ತೆ ಡಬ್ಬಿಯನ್ನು ಮಡಿಲಿಗೆಳೆದುಕೊಂಡರು.

ದ್ವೀಪ ಹೇಗಿತ್ತೆಂದು ಮಾತ್ರ ಕೇಳಬೇಡಿ. ಒಂದಿಷ್ಟು ಮರಳು, ಒಂದಿಷ್ಟು ಜೊಂಡು, ನಮಗಿಂತ ಮೊದಲು ಬಂದುಹೋದ ನಾಗರಿಕತೆಯ ಕುರುಹಾಗಿ ಚಿಪ್ಸ್ ಪೊಟ್ಟಣಗಳು. ಸುತ್ತ ನೀರಿದ್ದರೆ ದ್ವೀಪವೆಂದು ಶಾಲೆಯಲ್ಲಿ ಕಲಿಸಿದರು. ಯಾದವಗಿರಿಗೂ ಚಾಮರಾಜಪುರಂಗೂ ನಡುವೆ ಒಂದು ಲೋಟ ನೀರೂ ಇಲ್ಲ. ಆದರೂ ಈ ಎರಡು ದ್ವೀಪಗಳ ನಡುವೆ ದಾಟಲು ನಾವು ತಲಕಾಡಿನವರೆಗೆ ಹೋಗಿ ಹರಿಗೋಲು ಹತ್ತಬೇಕಾಯಿತು. ವಿದೇಶ ಸುತ್ತಿದ ಮಿತ್ರರಿಗೆ ಇದನ್ನು ಹೇಳಿದೆ. ಅವರು ಹಡಗಿನಲ್ಲಿ ಕೊಡುವ ಸ್ಯಾಂಡ್‌ವಿಚ್ಚಿನ ವಿಷಯ ತೆಗೆದರು.

ಮದುವೆ ಮುಗಿಯಿತು, ಹಸೆ ಚೆನ್ನಾಗಿ ಬಂದಿತ್ತು. ಮೊನ್ನೆ ಆ ಡಬ್ಬಿ ಮತ್ತೆ ನಮ್ಮ ಮನೆಗೆ ಬಂತು, ತುಂಬ ಗೊಜ್ಜು. ಅಮ್ಮ ಬೆರಳ ತುದಿಯಲ್ಲಿ ರುಚಿ ನೋಡಿದರು. ನಾನೂ ನೋಡಿದೆ. ಉಪ್ಪು ಸ್ವಲ್ಪ ಮುಂದೇ ಇತ್ತು. ಈ ಸಲ ಅಮ್ಮ ಫೋನು ಮುಟ್ಟಲಿಲ್ಲ. ಇನ್ನೊಂದು ಪಾವು ಅಕ್ಕಿ ತೊಳೆದು ಅನ್ನಕ್ಕಿಟ್ಟರು.